ಗಂಜಿಗಿಳಿದ ಹೋಮದ ಸೌಟು

ನಾನು ಒಂದು ಸೌಟು. ಅಡುಗೆಮನೆಯದೆಂದುಕೊಂಡರೆ ನನಗೆ ಸಿಟ್ಟು ಬರುತ್ತದೆ. ಭೀಮಾ ದಡದ ಊರೊಂದರಲ್ಲಿ, ಯಜ್ಞದ ಬೆಂಕಿಗೆ ತುಪ್ಪ ಹೊಯ್ಯಲೆಂದು ಮುತ್ತುಗದ ಮರದಿಂದ ನನ್ನನ್ನು ಕೆತ್ತಿದರು. ಪುರೋಹಿತ ವಸುಶರ್ಮರಲ್ಲದೆ ಬೇರೆ ಯಾರೂ ನನ್ನನ್ನು ಮುಟ್ಟಿರಲಿಲ್ಲ. ಕುಂಬಾರರು, ಬೆಸ್ತರು, ಗಾಣಿಗರು ಬೇಲಿಯಾಚೆ ನಿಂತು ಹೊಗೆ ನೋಡುತ್ತಿದ್ದರು. ಅವರ ಯೋಗ್ಯತೆಗೆ ಅದೇ ಹೆಚ್ಚು.

ಒಂದು ವರ್ಷ ಊರೊಡೆಯ ಸಿವಮಿತ ತನ್ನ ಅಂಗಳದಲ್ಲಿ ದೊಡ್ಡ ಯಜ್ಞ ಹೂಡಿದ. ಬಲಿಗೆಂದು ಅವನ ಆಳುಗಳು ಕುಂಬಾರಗಿತ್ತಿ ನಾಗಿಲೆಯ ಎತ್ತನ್ನು ಎಳೆತಂದು ಕಂಬಕ್ಕೆ ಕಟ್ಟಿದರು. ಗಂಡ ಸತ್ತವಳು; ಹೊಳೆಯಿಂದ ಮಣ್ಣು ಹೇರಿ ತರಲು ಅವಳಿಗಿದ್ದದ್ದು ಅದೊಂದೇ ಎತ್ತು.

"ಯಪ್ಪಾ, ನನ್ನ ಎತ್ತು ಬಿಡ್ರಿ. ಅದು ಹೋದ್ರ ಗಡಿಗಿ ಮಾಡೋ ನನ್ನ ತಿಗರಿ ನಿಂತೇ ಹೋಗ್ತದ್ರಿ" ಎಂದು ಬೇಲಿಯಾಚೆ ಗೋಳಾಡಿದಳು. ಎಂಥ ಗದ್ದಲ! ದೇವರ ಪಾಲಾಗುವ ಎತ್ತಿಗಾಗಿ ಯಾರಾದರೂ ಅಳುತ್ತಾರೆಯೇ?

ವ್ಯಾಪಾರಿಗಳ ಗಾಡಿಗಳ ಹಿಂದೆ ನಡೆದು ಊರಿಗೆ ಬಂದಿದ್ದ ಧಮ್ಮಸೇನನೆಂಬ ಬೌದ್ಧ ಭಿಕ್ಷು ಅದೇ ಹೊತ್ತಿಗೆ ಭಿಕ್ಷೆಗೆ ಹೊರಟ. ಬೋಳುತಲೆ, ತೇಪೆ ಬಟ್ಟೆ, ಕೈಯಲ್ಲೊಂದು ಮಣ್ಣಿನ ಪಾತ್ರೆ. ಮಂತ್ರವಿಲ್ಲ, ಬೆಂಕಿಯಿಲ್ಲ, ಸಂತೆಯ ಮಾತಿನಲ್ಲೇ ಧರ್ಮ ಹೇಳುತ್ತಿದ್ದ. ಜನ ಮುಗಿಬಿದ್ದು ಕೇಳುತ್ತಿದ್ದರು. ಅರ್ಥವಾಗುವುದೂ ಒಂದು ಧರ್ಮವೇ?

ಸಾಲಿನಲ್ಲಿ ಒಂದು ಮನೆಯನ್ನೂ ಬಿಟ್ಟು ಮುಂದೆ ಹೋಗುವಂತಿಲ್ಲ ಎಂಬುದು ಆ ಭಿಕ್ಷುಗಳ ಕಟ್ಟಳೆಯಂತೆ. ಹಾಗಾಗಿ ಅವನು ಬೇಲಿಗಂಟಿದ ನಾಗಿಲೆಯ ಗುಡಿಸಲ ಮುಂದೆಯೂ ನಿಂತ. ಅವಳು ಅಳುತ್ತಲೇ ಓಡಿ, ಇದ್ದ ಗಂಜಿಯನ್ನೆಲ್ಲ ಅವನ ಪಾತ್ರೆಗೆ ಸುರಿದಳು. ಮುಂದಿನ ಬಾಗಿಲು ಊರೊಡೆಯನದು. ಸಿವಮಿತ ತಾನೇ ತುಪ್ಪದನ್ನ ಹಿಡಿದು ಬಂದ. ಭಿಕ್ಷು ಪಾತ್ರೆ ತೋರಿಸಿದ.

"ತುಂಬೇದಪ್ಪಾ. ಇದರಾಗ ಆಕಿ ಗಂಜಿ ಅದ."

ಬೀದಿಯೇ ನೋಡುತ್ತಿತ್ತು. ಊರೊಡೆಯನ ಮುಖ ಕಪ್ಪಿಟ್ಟಿತು.

"ಕುಂಬಾರಗಿತ್ತಿ ಗಂಜಿ ನಡೀತದ, ನನ್ನ ಅನ್ನ ನಡ್ಯಂಗಿಲ್ಲೇನು? ನಾ ಏನ್ ಕೊಟ್ರ ತಗೋತಿ?"

"ಆಕಿ ಎತ್ತು ಆಕಿಗಿ ಕೊಡು. ಅದಕ್ಕ ಪಾತ್ರ್ಯಾಗ ಜಾಗ ಬೇಕಿಲ್ಲ."

ಜನ ಗೊಳ್ಳೆಂದು ನಕ್ಕರು. ಆ ನಗೆಗೆ ಬೆದರಿ ಸಿವಮಿತ ಹಗ್ಗ ಬಿಚ್ಚಿಸಿದ. ಇಷ್ಟೇ ಅವನ ಗಟ್ಟಿತನ! ಯಜ್ಞ ಕೆಟ್ಟಿತೆಂದು ವಸುಶರ್ಮರು ನನ್ನನ್ನು ನೆಲಕ್ಕೆಸೆದು ಊರು ಬಿಟ್ಟರು. ಎತ್ತು ಹೊಡೆದುಕೊಂಡು ಹೋಗಲು ಒಳಬಂದ ನಾಗಿಲೆ ನನ್ನನ್ನೆತ್ತಿ, "ಕಟ್ಟಿಗಿ ಗಟ್ಟಿ ಅದ" ಎಂದಷ್ಟೇ ಹೇಳಿ ಗಂಜಿ ಮಡಕೆಗೆ ಅದ್ದಿದಳು. ಮರುವರ್ಷ ಬೆಸ್ತರು, ಗಾಣಿಗರು ಇಟ್ಟಿಗೆ ಹೊತ್ತು ಸ್ತೂಪ ಕಟ್ಟತೊಡಗಿದರು. ಕೊಟ್ಟವರ ಹೆಸರನ್ನೂ ಕಲ್ಲಿನಲ್ಲಿ ಕೊರೆಸಿದರಂತೆ. ಮೀನು ಹಿಡಿಯುವವನಿಗೊಂದು ಹೆಸರು, ಅದಕ್ಕೊಂದು ಕಲ್ಲು!

ಈಗ ನನ್ನ ಹಿಡಿ ಸೀಳಿದೆ. ಎತ್ತಿಗೂ ಮುಪ್ಪು ಬಂದಿದೆ. ಹಲ್ಲುದುರಿ ಹುಲ್ಲು ಅಗಿಯಲಾರದು. ನಾಗಿಲೆ ನನ್ನಿಂದಲೇ ಅದರ ಬಾಯಿಗೆ ಗಂಜಿ ಹೊಯ್ಯುತ್ತಾಳೆ. ಅದರ ಕೊಬ್ಬನ್ನು ಬೆಂಕಿಗೆ ಹೊಯ್ಯಬೇಕಾಗಿದ್ದವನು ನಾನು. ಆ ಪ್ರಾಣಿಗೆ ಅದೆಲ್ಲಿ ತಿಳಿಯಬೇಕು? ಕಣ್ಣುಮುಚ್ಚಿ ನನ್ನನ್ನು ನೆಕ್ಕುತ್ತದೆ. ನನಗೆ ಹೇಸಿಗೆಯಾಗಬೇಕಿತ್ತು. ಆಗುತ್ತಿಲ್ಲ. ಅವಳು ನನ್ನನ್ನು ತೊಳೆದು ಮೂಲೆಗಿಟ್ಟ ಮೇಲೆ, ಇನ್ನೊಂದು ಗುಟುಕು ಹೊಯ್ಯಬಹುದಿತ್ತಲ್ಲ ಎನಿಸುತ್ತದೆ.