ಅಂಟು ಒಣಗುವವರೆಗೆ

ಸಿದ್ದೇಶ್ವರ ಪಡಸಾಲೆಯಲ್ಲಿದ್ದ ವೀಣೆಯನ್ನು ಎತ್ತಲು ಎರಡೂ ಕೈ ಚಾಚಿದ್ದ. ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ದಾಕ್ಷಾಯಣಮ್ಮ ತಡೆದರು.

"ಅದುನ್ನ ಮುಟ್ಬ್ಯಾಡ ಕಣಪ್ಪ. ನಿಮ್ಮಣ್ಣ ನೆನ್ನೆ ಸಂಜೆ ಅಂಟು ಆಕವ್ರೆ. ಇನ್ನೂ ಒಣಗಿಲ್ಲ."

"ಮತ್ತೆ ಅಣ್ಣನ್ನ ಎಲ್ಲಿ ಕೂರ್ಸಾದು? ಜನ ಬತ್ತಾವ್ರೆ."

"ಪಕ್ಕದಲ್ಲೇ ಕೂರ್ಸು. ಯಾವತ್ತೂ ಅಲ್ಲೇ ತಾನೆ ಕೂರ್ತಿದ್ದುದ್ದು."

ಹೊಳೆನರಸೀಪುರದ ಆ ಮನೆಯಲ್ಲಿ ಸಿದ್ದೇಶ್ವರನ ಅಣ್ಣ ಚಂದ್ರಶೇಖರಯ್ಯ ಬದುಕಿಡೀ ಮುರಿದ ವೀಣೆ, ತಂಬೂರಿ, ಪಿಟೀಲುಗಳನ್ನು ಕೂಡಿಸುತ್ತಿದ್ದರು. ಬೆಳಗಿನ ಜಾವ ನಿದ್ದೆಯಲ್ಲೇ ಹೋಗಿದ್ದರು. ಹಣೆಗೆ ವಿಭೂತಿ ಬಳಿದು ಅವರನ್ನು ಗೋಡೆಗೆ ಒರಗಿಸಿ ಕೂರಿಸಿದರು. ಮಗ್ಗುಲಲ್ಲಿ ವೀಣೆ. ಅದರ ಕತ್ತು ಕೊಡಕ್ಕೆ ಸೇರುವಲ್ಲಿ ಹಿಂದಿನ ಸಂಜೆ ಅವರೇ ಸೈಕಲ್ ಟ್ಯೂಬಿನ ಪಟ್ಟಿಗಳನ್ನು ಎಳೆದೆಳೆದು ಸುತ್ತಿ, ಸಂದಿಗೆ ಮರದ ಬೆಣೆ ಸಿಕ್ಕಿಸಿದ್ದರು. ಬಂದವರು ಅದನ್ನು ಬಳಸಿಕೊಂಡು ಹೋಗಿ ಹೂ ಹಾಕಿದರು.

ವೀಣೆಯ ಒಡತಿ ಶಿವರಂಜನಿಯೂ ಅರಕಲಗೂಡಿನಿಂದ ಬಂದಳು. ತಾಯಿ ನುಡಿಸುತ್ತಿದ್ದ ವೀಣೆ. ಬಸ್ಸಿನಲ್ಲಿ ಬಿದ್ದು ಮುರಿದಾಗ ಹೊಸದು ಕೊಳ್ಳು ಎಂದವರೇ ಎಲ್ಲ.

"ಬಿಚ್ಚಿಬಿಡಿ ಅಮ್ಮ. ಹೋದ್ರೆ ಹೋಗ್ಲಿ, ಎಲ್ಲರಿಗೂ ಅಡ್ಡ ಆಗ್ತಿದೆ" ಎಂದಳು.

"ಈಗ್ಲೇ ಬಿಚ್ಚುದ್ರೆ ಕತ್ತು ಕಳಚ್ಕೊತದೆ. ಸಂಜೆಗಂಟ ಇರವ್ವ."

*

ಮದುವೆಯಾದ ಹೊಸತರಲ್ಲಿ ದಾಕ್ಷಾಯಣಮ್ಮನ ರುಬ್ಬುಗುಂಡು ಕಾಣೆಯಾಗಿತ್ತು. ಹುಡುಕಿದರೆ ಅದು ಹಲಸಿನ ತಂಬೂರಿಯ ಬಿಟ್ಟುಹೋದ ಮೇಲ್ಹಲಗೆಯನ್ನು ಒತ್ತಿ ಕೂತಿತ್ತು.

"ನಾನು ದ್ವಾಸೆಗೆ ಎಂಗೆ ರುಬ್ಲಿ?"

"ತಕ್ಕೊಂಡೋಗು. ರುಬ್ಬಿ ಆದ್ಮೇಲೆ ಅದುರ್ ಬದ್ಲು ನೀನು ಬಂದು ಕೂತ್ಕೊ."

ತಮಾಷೆಯಲ್ಲ. ಮೇಲೊಂದು ಮಣೆ ಇಟ್ಟು ನಿಜವಾಗಿಯೂ ಕೂರಿಸಿದರು. ಅವಳು ಏಳದಿರಲೆಂದು ಬಾಯಿಗೆ ಬಂದ ಕತೆಗಳನ್ನೆಲ್ಲ ಹೇಳಿದರು. ಆಮೇಲೆ ಅಂಥ ಕೆಲಸ ಬಂದಾಗಲೆಲ್ಲ, ಕರೆಯುವ ಮೊದಲೇ ಅವಳು ಸೊಪ್ಪು ಬಿಡಿಸುವ ಮೊರ ಹಿಡಿದು ಬಂದು ಮಣೆಯ ಮೇಲೆ ಕೂರುತ್ತಿದ್ದಳು. ಕತೆ ಹಳೆಯದಾದರೆ ಮಾತ್ರ ಎದ್ದುಬಿಡುತ್ತೇನೆಂದು ಹೆದರಿಸುತ್ತಿದ್ದಳು.

*

ಮಣ್ಣು ಮಾಡಿ ಬಂದು ಎಲ್ಲರೂ ಮಿಂದರು. ದಾಕ್ಷಾಯಣಮ್ಮ ಒದ್ದೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚಿದರು. ಕೊನೆಯದಕ್ಕೆ ಶಿವರಂಜನಿ ಕಣ್ಣು ಮುಚ್ಚಿಕೊಂಡಳು.

ಕತ್ತು ಅಲುಗಲಿಲ್ಲ.

"ತಂತಿ ಕಟ್ಟಿ ನೋಡವ್ವ" ಎಂದರು.

"ಇವತ್ತಾ, ಅಮ್ಮ?"

"ಅವ್ರಾಗಿದ್ರೆ ನಾಳೆಗಂಟ ಬಿಡ್ತಿದ್ರಾ?"

ಒಳಗೆ ಊಟದ ಪಂಕ್ತಿ ಕೂತಿತ್ತು. ಪಡಸಾಲೆಯಲ್ಲಿ ತಂತಿ ಮಿಡಿದ ಕೂಡಲೇ ಉಣ್ಣುತ್ತಿದ್ದ ಕೈಗಳು ಎಲೆಯ ಮೇಲೆ ನಿಂತವು. ಸಿದ್ದೇಶ್ವರ ತಲೆ ತಗ್ಗಿಸಿದ.

ದಾಕ್ಷಾಯಣಮ್ಮ ಬಂದು ಅವನ ಪಕ್ಕದ ಖಾಲಿ ಎಲೆಗೆ ಕೂತರು.

"ಉಣ್ಣಿ, ಉಣ್ಣಿ. ಇನ್ನೂ ಸುತಿ ಕೂಡ್ಸ್ತಾವ್ಳೆ" ಎಂದು ಅನ್ನಕ್ಕೆ ಸಾರು ಕಲಸಿಕೊಂಡರು.