ಸದಾನಂದನಿಗೆ ಇರುವೆ ಕಚ್ಚಿತು

ಮುಂಬಯಿಯ ಅಂಧೇರಿ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ದೋಸೆ ಹಾಕುವ ಸದಾನಂದನಿಗೆ ಒಂದು ಹೆಮ್ಮೆ ಇತ್ತು. ಸುಡುವ ಇಡ್ಲಿ ಪಾತ್ರೆಯನ್ನು ಅವನು ಬಟ್ಟೆಯಿಲ್ಲದೆ ಎಡಗೈಯಲ್ಲೇ ಇಳಿಸುತ್ತಿದ್ದ. ಹೋಟೆಲಿನ ಧಣಿಗಳು ಗಿರಾಕಿಗಳನ್ನು ಒಳಗೆ ಕರೆದು ತೋರಿಸಿದ್ದೂ ಉಂಟು. ಆಗೆಲ್ಲ ಸದಾನಂದ ಪೂರಿಯ ಹಾಗೆ ಉಬ್ಬುತ್ತಿದ್ದ.

ಒಂದು ರಜೆಯ ದಿನ ಚಾಳಿನ ತಮ್ಮ ಒಂಟಿ ಕೋಣೆಯ ಖೋಲಿಯಲ್ಲಿ ಅನ್ನ ಬಡಿಸುತ್ತಿದ್ದ ಹೆಂಡತಿ ಅಕ್ಕು ಬೆಚ್ಚಿದಳು.

"ಬೆರಳಲ್ಲಿ ಇಷ್ಟು ದೊಡ್ಡ ಬೊಕ್ಕೆ ಎದ್ದಿದೆಯಲ್ಲ! ಉರಿಯುವುದಿಲ್ವಾ?"

"ಓ, ಇದಾ? ಗೊತ್ತೇ ಆಗ್ಲಿಲ್ಲ. ಪಳಗಿದ ಕೈ ಮಾರಾಯ್ತಿ!"

ಪಕ್ಕದ ಖೋಲಿಯ ವಿನೋದಿನಿ ಆಗಷ್ಟೇ ಬಂದಿದ್ದಳು. ಅವಳಿಗೆ ಮುನಿಸಿಪಾಲಿಟಿ ದವಾಖಾನೆಯಲ್ಲಿ ಕೆಲಸ. ಸದಾನಂದನ ಎಡ ಮೊಣಕೈ ಕೆಳಗಿನ ಬಿಳಿಚಿದ ಕಲೆಯ ಮೇಲೆ ಅವಳ ಕಣ್ಣು ಬಿತ್ತು.

"ಅದಕ್ಕೆ ತುರಿಕೆಯಿಲ್ಲ, ನೋವಿಲ್ಲ. ಸುಮ್ಮನೆ ಉಂಟು" ಎಂದ ಸದಾನಂದ.

"ಸುಮ್ಮನೆ ಇರುವುದೇ ತಕರಾರು, ಸದಾನಂದಣ್ಣ. ಕಣ್ಣು ಮುಚ್ಚಿ. ನಾನು ಮುಟ್ಟಿದ ಕೂಡಲೇ ಹೇಳಿ."

ಅವಳು ಹತ್ತಿಯ ಎಳೆಯೊಂದನ್ನು ಹೊಸೆದು ಹಿಡಿದಳು. ಸದಾನಂದ ಕಣ್ಣು ಮುಚ್ಚಿ ಕೂತ. ಕೂತು ಕೂತು ಬೇಸರ ಬಂತು.

"ಮುಟ್ಟು ಮಾರಾಯ್ತಿ, ಎಷ್ಟು ಹೊತ್ತು ಕಾಯುವುದು?"

ವಿನೋದಿನಿ ಅಷ್ಟು ಹೊತ್ತೂ ಮುಟ್ಟುತ್ತಲೇ ಇದ್ದಳು. ಅಕ್ಕುವಿನ ಕೈಯ ಸೌಟು ಅಲ್ಲೇ ನಿಂತಿತು.

"ಚರ್ಮ ನಮ್ಮ ಮೈಯ ಗೋಡೆ" ಎಂದಳು ವಿನೋದಿನಿ. "ಬಿಸಿ ತಾಗಿದ್ರೆ ಅದರೊಳಗಿನ ನರ ಮಿದುಳಿಗೆ ಸುದ್ದಿ ಮುಟ್ಟಿಸ್ತದೆ, ನಾವು ಕೈ ಎಳೆದುಕೊಳ್ತೇವೆ. ಗಾಯ ಆದ್ರೆ ರಕ್ತದಲ್ಲಿರುವ ಕಾವಲು ಕಣಗಳನ್ನೂ ಕೂಗಿ ಕರೀತದೆ. ಚರ್ಮ, ನರ, ರಕ್ತ ಈ ಮೂವರೂ ಮಾತಾಡ್ತಾ ಇದ್ರೆ ಮೈ ಕ್ಷೇಮ. ನಿಮ್ಮ ಕೈಯಲ್ಲಿ ನರದ ಬಾಯಿ ಕಟ್ಟಿದೆ. ಇದು ಕುಷ್ಠ ಇರಬಹುದು."

ಸದಾನಂದ ಕೈ ಹಿಂದಕ್ಕೆ ಎಳೆದುಕೊಂಡ. "ಧಣಿ ಕಿವಿಗೆ ಬಿದ್ರೆ ನನ್ನನ್ನು ಹೊರಗೆ ಹಾಕ್ತಾರೆ. ದೋಸೆ ಬಿಟ್ರೆ ನನಗೆ ಎಂತ ಗೊತ್ತುಂಟು? ಅಕ್ಕು, ನೀನು ದೂರ ಕೂತ್ಕೋ."

ಅಕ್ಕು ಇನ್ನೂ ಹತ್ತಿರ ಸರಿದು ಕೂತಳು. "ಸಾಕು ಸುಮ್ಮನಿರಿ. ನಾಳೆ ದವಾಖಾನೆಗೆ ನಾನೂ ಬರ್ತೇನೆ."

"ಇದು ಶಾಪ ಅಲ್ಲ, ರೋಗಾಣು" ಎಂದಳು ವಿನೋದಿನಿ. "ಈಗ ಒಳ್ಳೆಯ ಗುಳಿಗೆ ಉಂಟು, ಪುಕ್ಕಟೆ. ಗುಳಿಗೆ ಶುರುವಾದ ಮೇಲೆ ಯಾರಿಗೂ ಹರಡುವುದಿಲ್ಲ. ತಡ ಮಾಡಿದ್ರೆ ಬೆರಳು ಸೊಟ್ಟಗಾಗ್ತದೆ. ಆಮೇಲೆ ದೋಸೆ ಹಾಕುವುದು ಹೇಗೆ?"

ಆ ಮಾತು ನಾಟಿತು. ಮರುದಿನ ದವಾಖಾನೆಯಲ್ಲಿ ಡಾಕ್ಟರು ಪರೀಕ್ಷಿಸಿ ಕುಷ್ಠವೇ ಎಂದರು. ಗುಳಿಗೆ ಶುರುವಾಯಿತು. ಸದಾನಂದ ವಿನೋದಿನಿಯನ್ನು ಜೊತೆಗೆ ಕರೆದುಕೊಂಡು ಹೋಗಿ ಧಣಿಗಳಿಗೂ ಹೇಳಿದ. ಧಣಿಗಳು ಎಲ್ಲ ಕೇಳಿ, ತಲೆ ಕೆರೆದುಕೊಂಡು, "ದೋಸೆ ನೀನೇ ಹಾಕು. ಆದ್ರೆ ಪಾತ್ರೆ ಬಟ್ಟೆಯಲ್ಲೇ ಹಿಡಿ ಮಾರಾಯ" ಎಂದರು.

ಹೋದ ಸ್ಪರ್ಶ ಎಲ್ಲರಿಗೂ ಮರಳುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆದರೆ ಸದಾನಂದ ಬೇಗ ಬಂದಿದ್ದ. ತಿಂಗಳುಗಳು ಕಳೆದು, ಗುಳಿಗೆಯೆಲ್ಲ ಮುಗಿದ ಮೇಲೆ ಒಂದು ಬೆಳಿಗ್ಗೆ ಅವನು ಕಿರುಚಿದ. ಅಕ್ಕು ಓಡಿ ಬಂದಳು. ಆ ಕಲೆಯ ಮೇಲೆ ಒಂದು ಕೆಂಪಿರುವೆ!

"ಕಚ್ಚಿತು ಅಕ್ಕು! ಉರೀತಾ ಉಂಟು!" ಎಂದು ಸದಾನಂದ ಕುಣಿದ. ಅಕ್ಕು ನಗುತ್ತಲೇ ಕಣ್ಣೊರೆಸಿಕೊಂಡಳು. ಇರುವೆ ಕಚ್ಚಿದ್ದಕ್ಕೆ ಪಾಯಸ ಹಂಚಿದ ಮನೆ ಆ ಚಾಳಿನಲ್ಲಿ ಅದೊಂದೇ.

ನೀವೂ ಇಂದು ನಿಮ್ಮ ಮತ್ತು ಮನೆಯವರ ಮೈಕೈ ನೋಡಿ. ಮುಟ್ಟಿದರೆ ತಿಳಿಯದ, ಬಿಳಿಚಿದ ಕಲೆ ಕಂಡರೆ ನೋವಿಲ್ಲವೆಂದು ಸುಮ್ಮನಿರಬೇಡಿ. ಹತ್ತಿರದ ದವಾಖಾನೆಗೆ ಹೋಗಿ ತೋರಿಸಿ. ಕುಷ್ಠ ಖಂಡಿತ ಗುಣವಾಗುತ್ತದೆ, ನೀವು ತಡ ಮಾಡದಿದ್ದರೆ ಕೈಯೂ ಉಳಿಯುತ್ತದೆ.