ಸಾಯದೆ ಉಳಿದವಳ ಕಥೆ

ಜೆಲ್ಫಿಯಾ ಗ್ಯಾಡಿಸ್ ರಸ್ತೆಯ ನಟ್ಟನಡುವೆ ನಡೆಯುತ್ತಿದ್ದಳು. ಮೇಕನ್ ಊರಿನ ನಮ್ಮ ಕಪ್ಪು ಜನರ ಬೀದಿಯಲ್ಲಿ ಕಾಲುದಾರಿಗೇನೂ ಕೊರತೆಯಿರಲಿಲ್ಲ. ಆದರೂ ಆಗಸ್ಟ್ ತಿಂಗಳ ಉರಿಬಿಸಿಲಿನಲ್ಲೂ ಗಂಡಸರ ಉದ್ದನೆಯ ಕಪ್ಪು ಕೋಟು ತೊಟ್ಟು, ಕುತ್ತಿಗೆಯವರೆಗೆ ಗುಂಡಿ ಹಾಕಿಕೊಂಡು, ಮೆರವಣಿಗೆಯ ಮುಂದಾಳಿನಂಥ ಗಾಂಭೀರ್ಯದಿಂದ ಆಕೆ ಲಾಂಡ್ರಿಯ ಕೆಲಸಕ್ಕೆ ಹೊರಟಳೆಂದರೆ, ಹಿಂದಿನ ಕಾರುಗಳೆಲ್ಲ ಆಕೆಯ ನಡಿಗೆಗೆ ಹೊಂದಿಕೊಳ್ಳಬೇಕಿತ್ತು.

"ಏನ್ ಮಿಸ್ ಜೆಲ್ಫಿಯಾ, ರಸ್ತೆ ನಿಮ್ಮಪ್ಪಂದಾ?" ಎಂದು ಒಮ್ಮೆ ಮೀನಿನ ವ್ಯಾನಿನವನು ಕೂಗಿದ.

"ಟಾರು ಹಾಕಿದ್ದು ನಮ್ಮಪ್ಪನೇ. ಹಾರ್ನ್ ಹೊಡೀದೆ ಸುಮ್ನೆ ಬಾ," ಎಂದಳು, ತಿರುಗಿಯೂ ನೋಡದೆ.

ಹದಿನೈದರ ಹರೆಯದಲ್ಲಿ, ಒಗೆದ ಬಟ್ಟೆಯನ್ನು ಬಿಳಿಯ ಯಜಮಾನರ ಮನೆಗೆ ಮುಟ್ಟಿಸಿ ರಸ್ತೆಯಂಚಿನಲ್ಲಿ ಹಿಂದಿರುಗುತ್ತಿದ್ದ ಆಕೆಯನ್ನು ಆ ಯಜಮಾನನ ತಮ್ಮ ಪೆಕಾನ್ ಮರಗಳ ತೋಪಿಗೆ ಎಳೆದೊಯ್ದಿದ್ದ. ತಾಯಿ ಮಿಸ್ ಲೂಡೀ ಮಗಳನ್ನು ಹಿತ್ತಲಿನ ತಗಡಿನ ತೊಟ್ಟಿಯಲ್ಲಿ ಕೂರಿಸಿ ಮೀಯಿಸಿದರು, ಉಡುಪನ್ನು ಸುಟ್ಟರು, "ಏನೂ ಆಗಿಲ್ಲ" ಎಂದರು. ಆ ಕಾಲದಲ್ಲಿ ಬಿಳಿಯನ ಮೇಲೆ ದೂರು ಕೊಟ್ಟಿದ್ದರೆ ಬೆಳಗಾಗುವಷ್ಟರಲ್ಲಿ ಮನೆ ಬೂದಿಯಾಗುತ್ತಿತ್ತು. ಬೀದಿಗೆಲ್ಲ ಗೊತ್ತಿದ್ದ ಈ ಸಂಗತಿಯನ್ನು ಯಾರೂ ನಾಲಿಗೆಯ ಮೇಲೆ ತರಲಿಲ್ಲ. ತಾಯಿಮಗಳ ಮನೆಯಲ್ಲಂತೂ "ಏನೂ ಆಗಿಲ್ಲ" ಎಂಬ ಮಾತೇ ಗೋಡೆಯಾಗಿ ನಿಂತುಬಿಟ್ಟಿತು.

ನನ್ನ ಕೇಶಾಲಂಕಾರದ ಅಂಗಡಿಗೆ ಸೋಮವಾರ ರಜೆ. ಆ ಸಂಜೆಗಳಲ್ಲಿ ನಾವು ಕೆಲವು ಹೆಂಗಸರು ಅಲ್ಲಿ ಸೇರಿ ನಮ್ಮವರು ಬರೆದ ಕಾದಂಬರಿಗಳನ್ನು ಗಟ್ಟಿಯಾಗಿ ಓದುತ್ತಿದ್ದೆವು. ಒಂದು ದಿನ ಕಥಾನಾಯಕಿ ಬುದ್ಧಿಭ್ರಮಣೆಗೊಂಡು ನದಿಗೆ ಹಾರಿದಳು, ನಾವೆಲ್ಲ ಕಣ್ಣೊರೆಸಿಕೊಂಡೆವು.

"ಆಮೇಲೆ?" ಎಂದಳು ಜೆಲ್ಫಿಯಾ.

"ಆಮೇಲೇನು? ಸತ್ತೋದ್ಲು, ಕಥೆ ಮುಗೀತು," ಎಂದೆ.

"ಇಲ್ಲಿ ಇಷ್ಟು ಜನ ಕೂತಿದೀವಲ್ಲ, ಯಾರೇ ಸತ್ತಿರೋದು? ನಮ್ಮನ್ಯಾರು ಬರೀತಾರೆ?"

ತನ್ನ ಕಥೆಯನ್ನು ತಾನೇ ಬರೆಯತೊಡಗಿದಳು. ದಿನವಿಡೀ ಹಬೆಯಲ್ಲಿ ಬೆಂದು ಬಂದ ಕೈಗಳಲ್ಲಿ ಪೆನ್ಸಿಲು ನಿಲ್ಲುತ್ತಿರಲಿಲ್ಲ. ಅದಕ್ಕೆ ಬಟ್ಟೆ ಸುತ್ತಿಕೊಂಡು ಬರೆದಳು. ಕೆಲವು ಪುಟಗಳ ನಡುವೆ ಎದ್ದುಹೋಗಿ ವಾಂತಿ ಮಾಡಿ, ಬಾಯಿ ಮುಕ್ಕಳಿಸಿ ಮತ್ತೆ ಬಂದು ಕೂರುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಕಾದಂಬರಿ ಮುಗಿದಾಗ, ಅದನ್ನು ಚರ್ಚಿನ ಮಹಿಳಾ ದಿನದಂದು ಓದುತ್ತೇನೆಂದು ಹಟ ಹಿಡಿದಳು.

ಪಾದ್ರಿಯ ಹೆಂಡತಿ ಕೊರೀನ್ ಆಕೆಯನ್ನು ಪಕ್ಕಕ್ಕೆ ಕರೆದು, "ಸಿಸ್ಟರ್, ನಿಮ್ಮಮ್ಮ ಮುಂದಿನ ಸಾಲಲ್ಲೇ ಕೂತಿದಾರೆ. ಆ ತೊಟ್ಟಿ ಭಾಗ ಒಂದು ಬಿಟ್ಬಿಡಿ, ಪುಣ್ಯ ಬರುತ್ತೆ," ಎಂದರು.

"ಅವಳು ಕೇಳ್ಲಿ ಅಂತಲೇ ಓದ್ತಿರೋದು."

ನಿಂತು ಓದಿದಳು. ದನಿ ಏರಲಿಲ್ಲ, ಇಳಿಯಲಿಲ್ಲ. ತೋಪಿನ ಭಾಗ ಬಂದಾಗ ಬೀಸಣಿಗೆಗಳು ನಿಂತವು. "ಅಮ್ಮ ತಣ್ಣೀರು ಹುಯ್ದಳು. ಏನೂ ಆಗಿಲ್ಲ ಎಂದಳು..."

"ತಣ್ಣೀರಲ್ಲ."

ಮಿಸ್ ಲೂಡೀ ಊರುಗೋಲು ಹಿಡಿದು ಎದ್ದು ನಿಂತಿದ್ದರು.

"ಏನಮ್ಮ?"

"ತಣ್ಣೀರಲ್ಲ ಅಂದೆ. ಒಲೆ ಹಚ್ಚಿ ಕಾಯ್ಸಿದ್ದೆ. ನೀನು ಗಡಗಡ ನಡುಗ್ತಿದ್ದೆ, ನಿಂಗೆ ಗೊತ್ತಾಗಿಲ್ಲ. ಬರೆಯೋದಾದ್ರೆ ಸರಿಯಾಗಿ ಬರಿ."

ಜೆಲ್ಫಿಯಾ ತಾಯಿಯನ್ನೇ ದಿಟ್ಟಿಸಿದಳು. ಅಷ್ಟು ವರ್ಷ ಆಗಿಯೇ ಇಲ್ಲವೆಂದ ಸಂಗತಿಗೆ, ನೀರಿನ ಕಾವಿನ ನೆಪದಲ್ಲಿ, ಆ ಮುದುಕಿ ಸಭೆಯ ನಡುವೆ ಸಾಕ್ಷಿ ನುಡಿದಿದ್ದರು. ಮಗಳು ಪೆನ್ಸಿಲು ತೆಗೆದು ಪದವೊಂದನ್ನು ಹೊಡೆದುಹಾಕಿ, ಮೇಲೆ ಇನ್ನೊಂದನ್ನು ಬರೆದಳು.

"ಮುಂದಿನ ಸಾಲು, ಅಮ್ಮ? ಏನೂ ಆಗಿಲ್ಲ ಅಂದದ್ದು?"

ಮಿಸ್ ಲೂಡೀ ಊರುಗೋಲನ್ನು ನೆಲಕ್ಕೆ ಒತ್ತಿ ಊರಿದರು. "ಅದನ್ನ ಅಂದಿದ್ದೆ. ಅದು ಹಾಗೇ ಇರ್ಲಿ. ಹೊಡೀಬೇಡ."

ಜೆಲ್ಫಿಯಾ ಅದನ್ನೂ ಓದಿದಳು. ಅಲ್ಲಿಂದ ಮುಂದಕ್ಕೆ, ಆ ಹುಡುಗಿ ದುಡಿದದ್ದು, ಒಬ್ಬನನ್ನು ಪ್ರೀತಿಸಿದ್ದು, ಅವನನ್ನು ಮಣ್ಣುಮಾಡಿದ್ದು, ಮರುಬೇಸಿಗೆಯಲ್ಲಿ ಹಸಿವಾಗಿ ಪೀಚ್ ಹಣ್ಣು ಕಚ್ಚಿದ್ದು, ಎಲ್ಲವನ್ನೂ ಓದಿದಳು. ಮಿಸ್ ಲೂಡೀ ಕೊನೆಯವರೆಗೂ ಕೂರಲಿಲ್ಲ, ನಿಂತೇ ಕೇಳಿದರು.

ಆ ಪುಸ್ತಕವನ್ನು ಅಟ್ಲಾಂಟದ ಸಣ್ಣ ಪ್ರಕಾಶಕರೊಬ್ಬರು ಅಚ್ಚುಹಾಕಿದರು, ಹೆಚ್ಚೇನೂ ಮಾರಾಟವಾಗಲಿಲ್ಲ. ತಾಯಿಮಗಳು ಆಮೇಲೂ ಜಗಳವಾಡಿದರು, ಆದರೆ ಒಂದೇ ಮೇಜಿನಲ್ಲಿ ಕುಳಿತು ಉಣ್ಣುತ್ತ ಜಗಳವಾಡಿದರು.

ಇಂಥವರನ್ನು ನಾವು ಗಟ್ಟಿಗಿತ್ತಿಯರೆಂದು ಹೊಗಳಿ ಕೈತೊಳೆದುಕೊಳ್ಳುತ್ತೇವೆ. ಗಟ್ಟಿತನವೆಂಬುದು ಅವರಿಗೆ ಯಾರೂ ದಯಪಾಲಿಸಿದ ವರವಲ್ಲ. ಒಳಗಿನ ಗಾಯ ಒಣಗದಿದ್ದರೂ ಪ್ರತಿದಿನ ಎದ್ದು ಅವರು ಹೊಸದಾಗಿ ಮಾಡಬೇಕಾದ ಕೆಲಸ ಅದು. ಬದುಕಿ ಉಳಿದದ್ದಷ್ಟೇ ಅವರಿಗೆ ಸಾಲದು. ತಮ್ಮನ್ನು ಸುಮ್ಮನಾಗಿಸಿದವರ ಎದುರಿಗೇ, ಅವರ ತಪ್ಪನ್ನು ಮುಚ್ಚದೆ, ಅವರ ಅಕ್ಕರೆಯನ್ನೂ ಅಳಿಸದೆ, ನಡೆದದ್ದನ್ನು ನಡೆದಂತೆ ಹೇಳಿಯೇ ತೀರಬೇಕು.